ಐದು ಜನ, ಎರಡು ಕೋವಿ

ಹಂದಿ ಬೇಟೆಯ ಕತೆ ಕೇಳುತ್ತ ಮಲೆನಾಡಿನಲ್ಲಿ ಬೆಳೆದವನು ನಾನು. ಕೋವಿ ಹಿಡಿದದ್ದು ಮಾತ್ರ ಟೆಕ್ಸಾಸಿಗೆ ಬಂದ ಮೇಲೆ. 1972ರ ವನ್ಯಜೀವಿ ಕಾಯ್ದೆಯ ನಂತರ ಊರಿನಲ್ಲಿ ಬೇಟೆ ಕತೆಯಾಗಿಯೇ ಉಳಿಯಿತು, ಹಾಗೆಯೇ ಉಳಿಯಲಿ. ಇಲ್ಲಿಯ ಲೆಕ್ಕ ಬೇರೆ. ಹಿಂದೆ ಸ್ಪೇನಿನವರು ತಂದ ಸಾಕುಹಂದಿಗಳೂ ಆಮೇಲೆ ಬೇಟೆಗೆಂದೇ ತರಿಸಿ ಬಿಟ್ಟ ಯುರೋಪಿನ ಕಾಡುಹಂದಿಗಳೂ ಬೆರೆತು ಹುಟ್ಟಿದ ಸಂತತಿ ರಾತ್ರೋರಾತ್ರಿ ಹೊಲವನ್ನು ಉತ್ತು ಹಾಕುತ್ತದೆ. ಇವುಗಳ ಬೇಟೆಗೆ ಋತುವಿಲ್ಲ, ಇಷ್ಟೇ ಎಂಬ ಮಿತಿಯೂ ಇಲ್ಲ.

ಕಳೆದ ಚಳಿಗಾಲದಲ್ಲಿ ನಾಲ್ವರು ಗೆಳೆಯರು "ನಮ್ಮನ್ನೂ ಕರೆದುಕೊಂಡು ಹೋಗು ಮಾರಾಯ" ಎಂದು ಗಂಟುಬಿದ್ದರು. ಯಾರೂ ಹಿಂದೆ ಕೋವಿ ಮುಟ್ಟಿದವರಲ್ಲ. ಒಬ್ಬನಂತೂ ಸಸ್ಯಾಹಾರಿ, ದುರ್ಬೀನಿನ ಆಸೆಗೆ ಹೊರಟವನು.

ಮೊದಲ ತೊಡಕು ಕಾಗದಪತ್ರದ್ದು. ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆಯಿದ್ದರೆ 2019ರಿಂದ ಹಂದಿ ಬೇಟೆಗೆ ಟೆಕ್ಸಾಸ್ ಪರವಾನಗಿ ಕೇಳುವುದಿಲ್ಲ. ಆದರೆ ನಮ್ಮಲ್ಲಿ ಇಬ್ಬರು ಎಚ್-1ಬಿ ವೀಸಾದವರು. ಇಂಥ ತಾತ್ಕಾಲಿಕ ವೀಸಾದವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಬೇಟೆಯ ಪರವಾನಗಿ ಇದ್ದವರಿಗೆ ವಿನಾಯಿತಿ. ಹಂದಿಗೆ ಬೇಡದ ಪರವಾನಗಿ ವೀಸಾಕ್ಕೆ ಬೇಕಾಯಿತು! ಇಬ್ಬರೂ ಆನ್‌ಲೈನ್ ಕೋರ್ಸ್ ಮುಗಿಸಿ ಪರವಾನಗಿ ತೆಗೆದುಕೊಂಡ ಮೇಲೆಯೇ ದಿನ ಗೊತ್ತುಮಾಡಿದೆ.

ಐದು ಜನರಿಗೆ ಎರಡೇ ಕೋವಿ ಎಂದಾಗ ಗೊಣಗಾಟ ಶುರುವಾಯಿತು. ನಾನು ಜಗ್ಗಲಿಲ್ಲ. ಹೊಸಬರ ಗುಂಪಿನಲ್ಲಿ ನನಗೆ ಹೆದರಿಕೆ ಹಂದಿಯದಲ್ಲ, ಪಕ್ಕದವನ ಕೈಯಲ್ಲಿರುವ ಕೋವಿಯದು. ಎರಡು ಮರಸುಗಳನ್ನು (ಅಡಗಿ ಕೂರುವ ಅಟ್ಟಣೆಗಳನ್ನು) ಒಂದಕ್ಕೊಂದು ಬೆನ್ನು ಹಾಕಿದಂತೆ, ಆರುನೂರು ಗಜ ದೂರದಲ್ಲಿ ಆರಿಸಿದೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಜಮೀನಿನ ಮಾಲೀಕರ ಮಗ, ಜೊತೆಗೆ ಇಬ್ಬಿಬ್ಬರು. ಒಬ್ಬ ಹೊಡೆಯುವವನು, ಇನ್ನೊಬ್ಬ ನೋಡುವವನು. ಫೋನ್ ಬರುವ ತನಕ ಯಾರೂ ಕೆಳಗೆ ಇಳಿಯಕೂಡದು.

ಅದಕ್ಕೂ ಮೊದಲು ಎರಡು ಭಾನುವಾರ ಗುರಿ ಅಭ್ಯಾಸ. ನೂರು ಗಜ ದೂರದ ಪೇಪರ್ ಪ್ಲೇಟಿಗೆ ಐದಕ್ಕೆ ಐದು ಗುಂಡು ಬೀಳಬೇಕು. ಒಬ್ಬನಿಗೆ ಅದು ಐವತ್ತು ಗಜದಲ್ಲಷ್ಟೇ ಸಾಧ್ಯವಾಯಿತು. ಅವನ ಮಿತಿ ಅಷ್ಟೇ ಎಂದು ನಿಗದಿಪಡಿಸಿದೆ. ಹಂದಿಯ ಹೃದಯ ಜಿಂಕೆಯದಕ್ಕಿಂತ ಕೆಳಗೆ, ಮುಂದಕ್ಕೆ, ಮುಂಗಾಲಿನ ನೇರಕ್ಕೆ ಇರುತ್ತದೆ. ದೊಡ್ಡ ಗಂಡಿನ ಹೆಗಲ ಮೇಲೆ ಗಾದಿಯಂಥ ದಪ್ಪ ಪದರ ಬೇರೆ. ಚಿತ್ರ ಬರೆದು ತೋರಿಸಿದೆ, ಎರಡು ಸಲ.

ಇಷ್ಟಾದರೂ ಗಾಳಿಯ ವಿಷಯದಲ್ಲಿ ಎಡವಿದವನು ನಾನೇ. ಮಾಮೂಲು ದಕ್ಷಿಣದ ಗಾಳಿಯನ್ನು ನಂಬಿ ಜಾಗ ಆರಿಸಿದ್ದೆ. ಸಂಜೆ ಹೊತ್ತಿಗೆ ಚಳಿಯ ಅಲೆಯೊಂದು ಬಂದು ಉತ್ತರದಿಂದ ಬೀಸತೊಡಗಿತು. ಹಿಂಡು ಪೊದೆಯಂಚಿಗೆ ಬಂದು, ನಮ್ಮ ವಾಸನೆ ಹಿಡಿದು, ಒಮ್ಮೆ ಬುಸುಗುಟ್ಟಿ, ಮಾಯವಾಯಿತು. ಪ್ರಾಣಿಯ ಮೂಗಿನ ಮುಂದೆ ನನ್ನ ಯೋಜನೆಯೆಲ್ಲ ನೀರುಪಾಲು.

ಆ ಕಡೆ ಮರಸಿನಿಂದ ಒಂದು ಈಡು ಕೇಳಿಸಿತು. ಪೆಟ್ಟು ತಿಂದ ಹಂದಿ ಪೊದೆಗೆ ನುಗ್ಗಿತ್ತು. ಹೊಡೆದವನು ಆಗಲೇ ಬೆನ್ನಟ್ಟಲು ತಯಾರು. ಮಾಲೀಕರ ಮಗ ರಟ್ಟೆ ಹಿಡಿದು ಅರ್ಧ ಗಂಟೆ ಕೂರಿಸಿದನಂತೆ. ನಾವು ನಮ್ಮ ಕೋವಿಯ ತೋಟೆ ತೆಗೆದಿಟ್ಟು, ಟಾರ್ಚ್ ಹಿಡಿದು ಹೋದೆವು. ಅರವತ್ತು ಗಜದಾಚೆ ಸತ್ತು ಬಿದ್ದಿತ್ತು, ಹೆಣ್ಣು ಹಂದಿ. ರಬ್ಬರ್ ಕೈಗವಸು ಇಲ್ಲದೆ ಯಾರನ್ನೂ ಮುಟ್ಟಗೊಡಲಿಲ್ಲ. ಚರ್ಮದ ಗಾಯದ ಮೂಲಕ ಬ್ರುಸೆಲ್ಲಾ ರೋಗಾಣು ಮನುಷ್ಯರಿಗೂ ಅಂಟುತ್ತದೆ. ಎಲ್ಲ ಸರಿ, ಆದರೆ ಐಸ್ ಸಾಲಲಿಲ್ಲ. ಸಸ್ಯಾಹಾರಿ ಗೆಳೆಯನೇ ಇಪ್ಪತ್ತೈದು ಮೈಲು ಕಾರು ಓಡಿಸಿ ತಂದ.

ಮರುದಿನ ಮಾಂಸವನ್ನು ಒಳಗಿನ ಶಾಖ 71 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಬೇಯಿಸಿ, ಕೊಡಗಿನಿಂದ ತಂದಿದ್ದ ಕಾಚಂಪುಳಿ ಎಂಬ ಕಪ್ಪು ಹುಳಿರಸ ಹಾಕಿ ಸಾರು ಮಾಡಿದೆ. ಜಮೀನಿನ ಯಜಮಾನರಿಗೂ ಒಂದು ಡಬ್ಬಿ ತಲುಪಿಸಿದೆ. ಅವರು ಡಬ್ಬಿಯ ಮುಚ್ಚಳ ತೆರೆಯುವ ಮೊದಲೇ ಕೇಳಿದರು: "ಒಂದೇನಾ? ನಿನ್ನೆ ರಾತ್ರಿ ನನ್ನ ಓಟ್ಸ್ ಹೊಲದಲ್ಲಿ ಮೂವತ್ತಿದ್ದವು."