ಮೇಲ್ ಜೊತೆ ಹೊಂದುವ ಕಾಂಟ್ಯಾಕ್ಟ್ ಸಾಫ್ಟ್‌ವೇರ್: ನಾನು ಆರಿಸಿದ ಬಗೆ

ನಾನು ಪುಸ್ತಕಗಳ ಪುಟ ವಿನ್ಯಾಸ ಮಾಡುತ್ತೇನೆ. ಕೆಲಸವೆಲ್ಲ ನಡೆಯುವುದು ಮೇಲ್‌ನಲ್ಲೇ. ಲೇಖಕರು, ಪ್ರಕಾಶಕರು, ಕರಡು ತಿದ್ದುವವರು, ಮುದ್ರಕರು ಎಲ್ಲ ಸೇರಿ ಸುಮಾರು 1,400 ಹೆಸರುಗಳಿದ್ದವು. ಕೆಲವು ಫೋನಿನಲ್ಲಿ, ಕೆಲವು ಥಂಡರ್‌ಬರ್ಡ್ ಅನ್ನುವ ನನ್ನ ಮೇಲ್ ಪ್ರೋಗ್ರಾಂನ ವಿಳಾಸ ಪುಸ್ತಕದಲ್ಲಿ, ಇನ್ನು ಕೆಲವು ಒಂದು ಹಳೇ ಎಕ್ಸೆಲ್ ಹಾಳೆಯಲ್ಲಿ. ಒಬ್ಬರಿಗೇ ಮೂರು ಕಡೆ ಮೂರು ಮೇಲ್ ಐಡಿ. ಇದಕ್ಕೊಂದು ಸಾಫ್ಟ್‌ವೇರ್ ಬೇಕು ಅಂತ ಹುಡುಕಲು ಹೊರಟೆ.

ಮೊದಲ ಸಲ ತಪ್ಪು ಆಯ್ಕೆ ಮಾಡಿದೆ. ಸೌಲಭ್ಯಗಳ ಪಟ್ಟಿ ಉದ್ದ ಇತ್ತು, ಅದರಲ್ಲಿ ‘ನಿಮ್ಮ ಮೇಲ್ ಜೊತೆ ಸಿಂಕ್ ಆಗುತ್ತದೆ’, ಅಂದರೆ ಹೆಸರುಗಳು ತಾನಾಗಿ ಹೊಂದಿಕೊಳ್ಳುತ್ತವೆ, ಅಂತಲೂ ಇತ್ತು. ಅಷ್ಟು ಓದಿ ಎಲ್ಲ ಹೆಸರುಗಳನ್ನೂ ಅದಕ್ಕೆ ತುಂಬಿಸಿಬಿಟ್ಟೆ. ಒಂದು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಒಬ್ಬ ಸಂಪಾದಕರು ಕೆಲಸ ಬದಲಾಯಿಸಿದರು. ನಾನು ಮೇಲ್ ಪ್ರೋಗ್ರಾಂನಲ್ಲೇ ಅವರ ಹೊಸ ಐಡಿ ಹಾಕಿ ಹಳೆಯದನ್ನು ಅಳಿಸಿದೆ. ಮುಂದಿನ ಸಿಂಕ್‌ನಲ್ಲಿ ಸಾಫ್ಟ್‌ವೇರ್ ತನ್ನಲ್ಲಿದ್ದ ಹಳೇ ಐಡಿಯನ್ನೇ ತಂದು ಅದರ ಮೇಲೆ ಕೂರಿಸಿತು. ನನಗೆ ಗೊತ್ತೇ ಆಗಲಿಲ್ಲ. ಹೆಸರಿನ ಮೊದಲ ಮೂರು ಅಕ್ಷರ ಒತ್ತಿದಾಗ ಬಂದ ಐಡಿಗೆ ದರಪಟ್ಟಿ ಕಳಿಸಿದೆ. ಅದು ಅವರ ಹಳೇ ಆಫೀಸಿಗೆ ಹೋಗಿ, ಅಲ್ಲಿ ಬೇರೆ ಯಾರೋ ತೆರೆದು ಓದಿದರು. ಫೋನ್ ಮಾಡಿ ಕ್ಷಮೆ ಕೇಳಬೇಕಾಯಿತು.

ಆ ಸಾಫ್ಟ್‌ವೇರ್‌ನದು ಒಂದೇ ದಿಕ್ಕಿನ ಸಿಂಕ್. ಅಲ್ಲಿಂದ ಮೇಲ್‌ಗೆ ಬರುತ್ತದೆ, ಮೇಲ್‌ನಿಂದ ಅಲ್ಲಿಗೆ ಹೋಗುವುದಿಲ್ಲ. ಸಿಂಕ್ ಇದೆಯಾ ಅಂತ ಕೇಳಿದರೆ ಎಲ್ಲರೂ ಇದೆ ಅಂತಲೇ ಹೇಳುತ್ತಾರೆ. ಯಾವ ಕಡೆಯಿಂದ ಯಾವ ಕಡೆಗೆ, ಎರಡೂ ಕಡೆ ಬದಲಾದರೆ ಯಾವುದು ಉಳಿಯುತ್ತದೆ ಅಂತ ಕೇಳಬೇಕಿತ್ತು.

ಎರಡನೇ ಸಲ ಪಟ್ಟಿ ಓದುವುದನ್ನೇ ಬಿಟ್ಟೆ. 20 ಸುಳ್ಳು ಕಾಂಟ್ಯಾಕ್ಟ್‌ಗಳನ್ನು ಮಾಡಿಕೊಂಡೆ. ಬೇಕೆಂದೇ ಕಷ್ಟದವು. ಒಂದರಲ್ಲಿ ಪೂರ್ತಿ ಕನ್ನಡದ ಹೆಸರು, ಅದೂ ಒತ್ತಕ್ಷರ ಇರುವಂಥದ್ದು. ಒಂದರಲ್ಲಿ ನಾಲ್ಕು ಮೇಲ್ ಐಡಿ. ಒಂದರಲ್ಲಿ ಹತ್ತು ಸಾಲಿನ ಟಿಪ್ಪಣಿ. ಇನ್ನೊಂದರಲ್ಲಿ ವರ್ಷವಿಲ್ಲದೆ ಬರೀ ದಿನ, ತಿಂಗಳು ಇರುವ ಹುಟ್ಟುಹಬ್ಬ. ಇವನ್ನು ಒಂದೊಂದು ಸಾಫ್ಟ್‌ವೇರ್‌ಗೂ ಕಳಿಸಿ, ಅಲ್ಲಿಂದ ವಾಪಸ್ ತರಿಸಿ, ಏನು ಬಂತು ಅಂತ ಸಾಲು ಸಾಲಾಗಿ ನೋಡಿದೆ.

ಎಷ್ಟು ವಿಷಯ ತಿಳಿಯಿತು ಗೊತ್ತಾ! ಒಂದು ಕಡೆ ನಾಲ್ಕು ಐಡಿಯಲ್ಲಿ ಎರಡೇ ಉಳಿದವು. ಇನ್ನೊಂದು ಕಡೆ ಟಿಪ್ಪಣಿಯ ಸಾಲುಗಳೆಲ್ಲ ಅಂಟಿಕೊಂಡು ಒಂದೇ ಸಾಲಾಯಿತು. ಒಂದರಲ್ಲಿ ಕನ್ನಡದ ಹೆಸರೆಲ್ಲ ಪ್ರಶ್ನೆ ಚಿಹ್ನೆಯಾಗಿ ಬಂತು, ಯಾಕೆಂದರೆ ಅದು ಸಿಎಸ್‌ವಿ ಫೈಲನ್ನು (ವಿವರಗಳ ನಡುವೆ ಅಲ್ಪವಿರಾಮ ಹಾಕಿದ ಸಾದಾ ಪಟ್ಟಿ) ಎಲ್ಲ ಭಾಷೆಯ ಅಕ್ಷರಗಳನ್ನೂ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಬರೆಯುತ್ತಿರಲಿಲ್ಲ. ಸಿಎಸ್‌ವಿ ಬಗ್ಗೆ ಇನ್ನೊಂದು ಮಾತು. ಅದನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ. ಫೋನ್ ನಂಬರಿನ ಮುಂದಿನ ಸೊನ್ನೆ ಹೋಗುತ್ತದೆ. ಹನ್ನೆರಡು ಅಂಕಿ ಇದ್ದರೆ ನಂಬರಿನ ನಡುವೆ ‘ಇ’ ಅಕ್ಷರ ಬಂದು ಕೂರುತ್ತದೆ, ಅದೇ ರೂಪದಲ್ಲಿ ಸೇವ್ ಆದರೆ ಕೊನೆಯ ಅಂಕಿಗಳು ವಾಪಸ್ ಸಿಗುವುದಿಲ್ಲ.

ಅದಕ್ಕೇ ನಾನು ಸಾಧ್ಯವಾದಷ್ಟು ವಿಕಾರ್ಡ್, ಅಂದರೆ ಕಾಂಟ್ಯಾಕ್ಟ್‌ಗಳಿಗೆಂದೇ ಇರುವ ವಿಸಿಎಫ್ ಫೈಲ್ ಬಳಸುತ್ತೇನೆ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಒಂದೊಂದು ವಿವರಕ್ಕೂ ಒಂದೊಂದು ಸಾಲು ಕಾಣುತ್ತದೆ. ಅದರಲ್ಲಿ ‘ಯುಐಡಿ’ ಅನ್ನುವ ಸಾಲು ಇದೆಯಾ ನೋಡಿ. ಆ ಕಾಂಟ್ಯಾಕ್ಟ್‌ನ ಗುರುತು ಅದೇ. ಅದು ಉಳಿದಿದ್ದರೆ ಎರಡನೇ ಸಲ ತಂದಾಗ ಇದು ಹಳೇ ಕಾಂಟ್ಯಾಕ್ಟೇ ಅಂತ ಗೊತ್ತಾಗುವ ಸಾಧ್ಯತೆ ಇದೆ. ಕಳೆದುಹೋಗಿದ್ದರೆ 20 ಹೋಗಿ 40 ಆಗಬಹುದು. ನನ್ನ ಪರೀಕ್ಷೆಯಲ್ಲಿ ಒಂದು ಸಾಫ್ಟ್‌ವೇರ್ ಹಾಗೇ ಮಾಡಿತು, ಅದನ್ನು ಆಗಲೇ ತೆಗೆದುಹಾಕಿದೆ.

ಫೈಲ್ ತಂದು ಹಾಕುವುದು ಒಂದು ಸಲದ ಕೆಲಸ. ದಿನವೂ ತಾನಾಗಿ ಹೊಂದಿಕೊಳ್ಳಲು ಕಾರ್ಡ್‌ಡ್ಯಾವ್ ಅನ್ನುವ ಪದ್ಧತಿ ಇದೆ, 2011ರಲ್ಲಿ ಮಾನದಂಡವಾಗಿ ಬಂದದ್ದು. ಥಂಡರ್‌ಬರ್ಡ್ ಇದನ್ನು 2021ರ 91ನೇ ಆವೃತ್ತಿಯಿಂದ ತಾನೇ ಬೆಂಬಲಿಸುತ್ತದೆ, ಐಫೋನ್‌ನಲ್ಲಿ ಬೇರೆ ಆ್ಯಪ್ ಇಲ್ಲದೆಯೇ ಇದೆ, ಆಂಡ್ರಾಯ್ಡ್‌ಗೆ ಬೇರೆ ಆ್ಯಪ್ ಹಾಕಿಕೊಳ್ಳಬೇಕು. ವಿಂಡೋಸ್‌ನ ಔಟ್‌ಲುಕ್ ಬಳಸುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಅದರಲ್ಲಿ ಕಾರ್ಡ್‌ಡ್ಯಾವ್ ಇಲ್ಲ, ಹಳೇ ಔಟ್‌ಲುಕ್‌ಗೆ ಆಡ್-ಇನ್ (ಅದರೊಳಗೆ ಸೇರಿಸುವ ಚಿಕ್ಕ ಪ್ರೋಗ್ರಾಂ) ಹಾಕಿ ಮಾಡಿಕೊಳ್ಳಬೇಕು, ಆದರೆ ಕಾಮ್ (COM) ಅನ್ನುವ ಆ ಹಳೇ ಬಗೆಯ ಆಡ್-ಇನ್‌ಗಳು ಹೊಸ ಔಟ್‌ಲುಕ್‌ನಲ್ಲಿ ನಡೆಯುವುದಿಲ್ಲ. ‘ಔಟ್‌ಲುಕ್ ಜೊತೆ ಕೆಲಸ ಮಾಡುತ್ತದೆ’ ಅಂತ ಬರೆದಿದ್ದರೆ ಯಾವ ಔಟ್‌ಲುಕ್ ಅಂತ ಕೇಳಿ.

ಇನ್ನು ಮೇಲ್‌ಗಳ ದಾಖಲೆ. ಯಾರಿಗೆ ಏನು ಬರೆದೆ ಅನ್ನುವುದು ಅವರ ಹೆಸರಿನ ಕೆಳಗೆ ಕಾಣಬೇಕು, ನನಗೆ ಬೇಕಿದ್ದದ್ದೇ ಅದು. ಕೆಲವು ಸಾಫ್ಟ್‌ವೇರ್ ಒಂದು ಬಿಸಿಸಿ ವಿಳಾಸ ಕೊಡುತ್ತವೆ; ಕಳಿಸುವ ಮೇಲ್‌ನ ಬಿಸಿಸಿಯಲ್ಲಿ, ಅಂದರೆ ಬೇರೆಯವರಿಗೆ ಕಾಣದ ಪ್ರತಿಯ ಜಾಗದಲ್ಲಿ, ಅದನ್ನು ಹಾಕಿದರೆ ಮೇಲ್ ದಾಖಲಾಗುತ್ತದೆ. ಅವಸರದಲ್ಲಿ ಅದನ್ನು ಹಾಕಲು ಮರೆಯುತ್ತೇವೆ, ಬಂದ ಮೇಲ್ ದಾಖಲಾಗಬೇಕಾದರೆ ಫಾರ್ವರ್ಡ್ ಮಾಡಬೇಕು. ಕೆಲವಕ್ಕೆ ಮೇಲ್ ಪ್ರೋಗ್ರಾಂನೊಳಗೆ ಒಂದು ಬಟನ್ ಬರುತ್ತದೆ, ಅದು ಆ ಕಂಪ್ಯೂಟರ್‌ಗೆ ಮಾತ್ರ. ಮೂರನೆಯದು ಮೇಲ್ ಸರ್ವರ್‌ಗೇ ಜೋಡಿಸುವುದು. ಇದರಲ್ಲಿ ಫೋನಿನಿಂದ ಕಳಿಸಿದ್ದೂ ದಾಖಲಾಗುತ್ತದೆ, ಕಳಿಸಿದ ಮೇಲ್ ಸರ್ವರ್‌ನ ಸೆಂಟ್ ಫೋಲ್ಡರ್‌ನಲ್ಲಿ ಉಳಿದಿದ್ದರೆ ಮಾತ್ರ. ಮೇಲ್‌ಗಳನ್ನು ಸರ್ವರ್‌ನಲ್ಲೇ ಇಟ್ಟು ನೋಡುವ ಐಮ್ಯಾಪ್ ಪದ್ಧತಿಯಲ್ಲಿ ಸಾಮಾನ್ಯವಾಗಿ ಉಳಿಯುತ್ತದೆ. ಮೇಲ್‌ಗಳನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ಪಾಪ್ ಪದ್ಧತಿ ಇಟ್ಟುಕೊಂಡವರಿಗೆ ಕಳಿಸಿದ್ದು ತಮ್ಮ ಕಂಪ್ಯೂಟರ್‌ನಲ್ಲೇ ಇರುತ್ತದೆ, ಸರ್ವರ್ ನೋಡುವ ಸಾಫ್ಟ್‌ವೇರ್‌ಗೆ ಅದು ಕಾಣುವುದೇ ಇಲ್ಲ. ನನ್ನ ಒಂದು ಹಳೇ ಖಾತೆ ಪಾಪ್‌ನಲ್ಲಿತ್ತು. ದಾಖಲೆ ಯಾಕೆ ಅರ್ಧವೇ ಬರುತ್ತಿದೆ ಅಂತ ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಇದು ಹೊಳೆಯಿತು.

ಸರ್ವರ್‌ಗೆ ಜೋಡಿಸಿದರೆ ಇಡೀ ಮೇಲ್‌ಬಾಕ್ಸ್ ಓದಲು ಅನುಮತಿ ಕೊಟ್ಟ ಹಾಗೆ. ನಮ್ಮ ಮೇಲ್‌ಗಳಲ್ಲಿ ಬೇರೆಯವರ ಖಾಸಗಿ ಮಾತು ಎಷ್ಟು ಇರುತ್ತದೆ, ಅಲ್ವಾ? ಅದಕ್ಕೇ ಆಯ್ದ ಫೋಲ್ಡರ್ ಮಾತ್ರ ಓದುವ ಸೆಟ್ಟಿಂಗ್ ಇದ್ದ ಸಾಫ್ಟ್‌ವೇರನ್ನೇ ತೆಗೆದುಕೊಂಡೆ. ಅದಕ್ಕೆ ಕಾರ್ಡ್‌ಡ್ಯಾವ್ ಇದೆ, ಸಿಂಕ್ ಎರಡೂ ಕಡೆ ನಡೆಯುತ್ತದೆ, ಎಲ್ಲವನ್ನೂ ವಿಸಿಎಫ್ ಆಗಿ ಹೊರಗೆ ತೆಗೆಯಬಹುದು. ನೋಡಲು ಅಷ್ಟೇನೂ ಚೆಂದ ಇಲ್ಲ. ಪರವಾಗಿಲ್ಲ.

ಸಾಗಿಸುವ ಮುಂಚೆ ಮೂರೂ ಕಡೆಯ ಬ್ಯಾಕಪ್ ತೆಗೆದೆ. ಡುಪ್ಲಿಕೇಟ್‌ಗಳನ್ನು ಮೊದಲೇ ಸೇರಿಸಿದೆ, 1,400 ಇದ್ದದ್ದು 900ರ ಹತ್ತಿರ ಬಂತು. ನಾಲ್ಕು ಸಂಜೆ ಹಿಡಿಯಿತು. ಕೊನೆಗೆ ಥಂಡರ್‌ಬರ್ಡ್‌ನಲ್ಲಿ ಒಂದು ಟಿಕ್ ತೆಗೆದೆ: ಕಳಿಸಿದ ಪ್ರತಿ ಮೇಲ್‌ನ ವಿಳಾಸವನ್ನೂ ತಾನಾಗಿ ವಿಳಾಸ ಪುಸ್ತಕಕ್ಕೆ ಸೇರಿಸುವ ಸೆಟ್ಟಿಂಗ್‌ನದು. ನನ್ನ ಪುಸ್ತಕದಲ್ಲಿದ್ದ ಹೆಸರಿಲ್ಲದ ಐಡಿಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಬಂದಿದ್ದವು.