ಹಳೇ ಕಡಲ ನಕ್ಷೆಯನ್ನು ಸರ್ವೆಯರ್ ಕಣ್ಣಲ್ಲಿ ಓದುವುದು ಹೇಗೆ?

ಜಮೀನು ಅಳೆಯುವುದು ನನ್ನ ಕಸುಬು. ನಕ್ಷೆ ಕೈಗೆ ಬಂದರೆ ಮೊದಲು ಹದ್ದು, ಅಂದರೆ ಗಡಿ ನೋಡುತ್ತೇನೆ, ಉಳಿದದ್ದು ಆಮೇಲೆ. 1500ರ ಆಸುಪಾಸಿನ ಯುರೋಪಿನ ಕಡಲ ನಕ್ಷೆಗಳನ್ನೂ ಹಾಗೇ ಓದಿ. ಕರಾವಳಿ ಎಷ್ಟು ಸರಿಯಿದೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಯಾರು ಯಾವುದನ್ನು ತಮ್ಮದು ಅಂತಿದ್ದಾರೆ, ಅದನ್ನು ಹುಡುಕಿ.

ಶುರುವಿಗೆ ಕ್ಯಾಂಟಿನೋ ನಕ್ಷೆ ಒಳ್ಳೆಯದು. 1502ರಲ್ಲಿ ಲಿಸ್ಬನ್‌ನಲ್ಲಿ ತಯಾರಾದದ್ದು. ಆಲ್ಬರ್ಟೋ ಕ್ಯಾಂಟಿನೋ ಎಂಬಾತ 12 ಡುಕಾಟ್ (ಆಗಿನ ಚಿನ್ನದ ನಾಣ್ಯ) ತೆತ್ತು, ಫೆರಾರಾದ ಡ್ಯೂಕ್‌ಗಾಗಿ ಗುಟ್ಟಾಗಿ ಇಟಲಿಗೆ ಸಾಗಿಸಿದ. ಅಗಲ ಎರಡು ಮೀಟರ್‌ಗಿಂತ ಜಾಸ್ತಿ. ಮೊಬೈಲಿನಲ್ಲಿ ಬೇಡ, ದೊಡ್ಡ ಪರದೆಯಲ್ಲಿ ಹಿಗ್ಗಿಸಿ ನೋಡಿ.

ಅಟ್ಲಾಂಟಿಕ್ ಸಾಗರದಲ್ಲಿ ಮೇಲಿಂದ ಕೆಳಕ್ಕೆ ಇಳಿದ ದಪ್ಪ ಗೆರೆಯನ್ನು ಮೊದಲು ಹಿಡಿಯಿರಿ. ಅದು ಸ್ಪೇನ್, ಪೋರ್ಚುಗಲ್ ನಡುವಿನ 1494ರ ಟಾರ್ಡೆಸಿಲಾಸ್ ಒಪ್ಪಂದದ ಗೆರೆ. ಕೇಪ್ ವರ್ಡ್ ದ್ವೀಪಗಳಿಂದ ಪಶ್ಚಿಮಕ್ಕೆ 370 ಲೀಗ್ (ಆಗಿನ ದೂರದ ಅಳತೆ). ಗೆರೆಯಿಂದಾಚೆ ಪಶ್ಚಿಮವೆಲ್ಲ ಸ್ಪೇನಿಗೆ, ಪೂರ್ವವೆಲ್ಲ ಪೋರ್ಚುಗಲ್‌ಗೆ. ಅಲ್ಲಿದ್ದ ಜನರಿಗೆ ನೋಟಿಸ್ ಕೂಡ ಇಲ್ಲ!

ಈಗ ಗೆರೆಗೆ ಅಂಟಿಕೊಂಡಿರುವ ನೆಲಗಳನ್ನು ನೋಡಿ. ಕೆಳಗಡೆ ಗಿಳಿಗಳಿರುವುದು ಬ್ರೆಜಿಲ್. ಪೋರ್ಚುಗೀಸ್ ನಾವಿಕ ಕಬ್ರಾಲ್ 1500ರಲ್ಲಿ ಅಲ್ಲಿ ಇಳಿದಿದ್ದ. ಮೇಲ್ಗಡೆ, ಗೆರೆಯ ಪೂರ್ವಕ್ಕೆ, ಮರಗಳಿಂದ ತುಂಬಿದ ನೆಲ ನ್ಯೂಫೌಂಡ್‌ಲ್ಯಾಂಡ್. ನಿಜವಾಗಿ ಅದು ಇರುವುದು ಗೆರೆಯ ಪಶ್ಚಿಮಕ್ಕೆ, ಅಂದರೆ ಸ್ಪೇನಿನ ಪಾಲಿನಲ್ಲಿ. ದಿಕ್ಸೂಚಿ ಮೋಸ ಮಾಡಿತೋ, ಬೇಕಂತಲೇ ಎಳೆದುಕೊಂಡರೋ? ಇಂಥ ತಪ್ಪು, ನಕ್ಷೆ ಬರೆದ ಪೋರ್ಚುಗೀಸರಿಗೇ ಲಾಭವಾಗಿ ಬಂದಾಗ ನಾನು ಸುಮ್ನೆ ನಂಬುವುದಿಲ್ಲ.

ಆಮೇಲೆ, ನೆಲ ಯಾರದೆಂದು ಸಾರುವ ಬಾವುಟಗಳು. ಅವುಗಳ ಜೊತೆ ಆಫ್ರಿಕಾದ ದಡದಲ್ಲಿ ನಿಂತ ಕಂಬಗಳನ್ನೂ ಗಮನಿಸಿ. ಪೋರ್ಚುಗೀಸರು ಹೋದಲ್ಲೆಲ್ಲ ನೆಟ್ಟ ಕಲ್ಲುಗಳು ಅವು. ನಮ್ಮ ಭಾಷೆಯಲ್ಲಿ ಬಾಂದುಕಲ್ಲು. ಕಲ್ಲಿಕೋಟೆಯ ಹತ್ತಿರದ ಬರಹವನ್ನು ಬಿಡಬೇಡಿ. ಅಲ್ಲಿ ಸಿಗುವ ಸರಕಿನ ಪಟ್ಟಿ ಅದು. ಇಷ್ಟು ದೂರ ಹಡಗು ಯಾಕೆ ಬಂತು ಅಂತ ಅಲ್ಲೇ ಗೊತ್ತಾಗುತ್ತದೆ.

ಒಂದು ವಿಷಯ ನೆನಪಿರಲಿ. ಆಗಿನ ನಾವಿಕರು ಸೂರ್ಯನನ್ನೋ ಧ್ರುವ ನಕ್ಷತ್ರವನ್ನೋ ನೋಡಿ ಅಕ್ಷಾಂಶ ಅಳೆಯಬಲ್ಲವರು. ರೇಖಾಂಶ ಮಾತ್ರ ಅಂದಾಜು. ಹಾಗಾಗಿ ಉತ್ತರ–ದಕ್ಷಿಣದ ಅಳತೆಯನ್ನು ಸುಮಾರಾಗಿ ನಂಬಿ, ಪೂರ್ವ–ಪಶ್ಚಿಮದ್ದನ್ನು ಅನುಮಾನಿಸಿ. ವ್ಯಾಜ್ಯ ಹುಟ್ಟುವುದೇ ಅಲ್ಲಿ.

ಅದಕ್ಕೆ ಉದಾಹರಣೆ ಬೇಕಾದರೆ 1529ರ ಡಿಯೋಗೋ ರಿಬೈರೋ ನಕ್ಷೆ ತೆರೆಯಿರಿ. ಆತ ಹುಟ್ಟಿನಿಂದ ಪೋರ್ಚುಗೀಸ, ಸಂಬಳ ಸ್ಪೇನಿನದು. ಲವಂಗ ಬೆಳೆಯುವ ಮೊಲುಕ್ಕಾ ದ್ವೀಪಗಳನ್ನು (ಈಗಿನ ಇಂಡೋನೇಷ್ಯಾದಲ್ಲಿವೆ) ಸ್ಪೇನಿನ ಪಾಲಿಗೇ ಹಾಕಿದ್ದಾನೆ, ನೋಡಿ. ಅದೇ ವರ್ಷ ಸರಗೋಸಾ ಒಪ್ಪಂದದಲ್ಲಿ ಸ್ಪೇನಿನ ರಾಜ ಐದನೇ ಚಾರ್ಲ್ಸ್ ಆ ದ್ವೀಪಗಳ ಹಕ್ಕನ್ನು 3,50,000 ಡುಕಾಟ್‌ಗೆ ಪೋರ್ಚುಗಲ್‌ಗೆ ಬಿಟ್ಟುಕೊಟ್ಟ.

ಲೆಕ್ಕ ನೀವೇ ಹಾಕಿ. ಟಾರ್ಡೆಸಿಲಾಸ್ ಗೆರೆ ಇವತ್ತಿನ ಲೆಕ್ಕದಲ್ಲಿ ಸುಮಾರು 46 ಡಿಗ್ರಿ ಪಶ್ಚಿಮ. ಅದನ್ನು ಭೂಮಿಯ ಆ ಬದಿಗೂ ಸುತ್ತಿಸಿದರೆ ನೇರ ಎದುರಿನ ಗೆರೆ ಸುಮಾರು 134 ಡಿಗ್ರಿ ಪೂರ್ವ; ಅಲ್ಲಿ ಗೆರೆಯ ಪಶ್ಚಿಮಕ್ಕಿರುವುದು ಪೋರ್ಚುಗಲ್ ಪಾಲು. ಈಗಿನ ನಕ್ಷೆಯಲ್ಲಿ ಮೊಲುಕ್ಕಾದ ಟೆರ್ನಾಟೆ ಹುಡುಕಿ: 127 ಡಿಗ್ರಿ ಪೂರ್ವ. ಅಂದರೆ ಪೋರ್ಚುಗಲ್ ದುಡ್ಡು ಕೊಟ್ಟದ್ದು ಆ ಗೆರೆಯ ಲೆಕ್ಕದಲ್ಲಿ ಮೊದಲೇ ತನ್ನ ಪಾಲಿಗೆ ಬಂದಿದ್ದ ದ್ವೀಪಗಳಿಗೆ.