ಮೆಕ್ಕೆಜೋಳದೊಳಗೆ ದಾರಿ ಕೊರೆದ ಕಥೆ

ನಮ್ಮದು ದಾವಣಗೆರೆ ಸೀಮೆ. ಮೆಕ್ಕೆಜೋಳದ ಸಾಲಿನಲ್ಲೇ ಆಡಿ ಬೆಳೆದವನು ನಾನು. ಆದರೆ ಚೆನ್ನಾಗಿ ಎದ್ದ ಪೈರನ್ನು ಬೇಕಂತಲೇ ಕಿತ್ತು, ಮಕ್ಕಳು ದಾರಿ ತಪ್ಪಿ ಆಡಲೆಂದು ಓಣಿ ಮಾಡುವುದನ್ನು ಕಂಡಿದ್ದು ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಬಂದ ಮೇಲೆ. ಪಕ್ಕದ ಹೊಲದ ದಂಪತಿ ನಾಲ್ಕು ಎಕರೆಯಲ್ಲಿ ಕಾರ್ನ್ ಮೇಜ್, ಅಂದರೆ ಜೋಳದ ಹೊಲದೊಳಗೆ ಇಂಥ ಜಟಿಲ ದಾರಿ, ಮಾಡಬೇಕು, ನಕ್ಷೆ ಬರೆದುಕೊಡು ಅಂದಾಗ ತಕ್ಷಣ ಒಪ್ಪಿಕೊಂಡೆ.

ಈ ಆಟ ಶುರುವಾಗಿದ್ದೂ ಇದೇ ರಾಜ್ಯದಲ್ಲಿ. 1993ರಲ್ಲಿ ಆನ್‌ವಿಲ್ ಎಂಬ ಊರಿನಲ್ಲಿ ನಾಟಕ ನಿರ್ಮಾಪಕ ಡಾನ್ ಫ್ರಾಂಟ್ಜ್ ಮತ್ತು ಇಂಗ್ಲೆಂಡಿನ ಏಡ್ರಿಯನ್ ಫಿಶರ್ ಸೇರಿ ಡೈನೋಸಾರ್ ಆಕಾರದಲ್ಲಿ ಹೊಲ ಕೊರೆದರು. ಅದಕ್ಕೂ ಮುಂಚೆ ಇಂಗ್ಲೆಂಡಿನ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ 1700ರ ಸುಮಾರಿಗೆ ನೆಟ್ಟ ಬೇಲಿಗಿಡದ ಜಟಿಲ ದಾರಿ ಇತ್ತು. ಅರಸರ ಬೇಲಿ ಆಳೆತ್ತರ ಬರಲು ವರ್ಷಗಳೇ ಬೇಕು, ರೈತನ ಗೋಡೆಗೆ ಮೂರು ತಿಂಗಳು ಸಾಕು. ನನ್ನ ಕಣ್ಣೆದುರು ಮಾತ್ರ ಬೇರೆಯದೇ ಚಿತ್ರ: ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯ ಚಕ್ರವ್ಯೂಹ. ನಕ್ಷೆಯ ನಡುಭಾಗಕ್ಕೆ ಆ ಸುತ್ತುಗಳನ್ನೇ ಇಟ್ಟೆ.

ಸಾಲಿನಿಂದ ಸಾಲಿಗೆ 30 ಇಂಚು. ಗ್ರಾಫ್ ಹಾಳೆಯ ಒಂದು ಮನೆ ಅಂದರೆ ಒಂದು ಸಾಲು. ಗೋಡೆ ಒತ್ತಾಗಲೆಂದು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಬಿತ್ತಿದೆವು. ಅದೂ ಜೂನ್ ಎರಡನೇ ವಾರದಲ್ಲಿ, ಅಕ್ಕಪಕ್ಕದ ಹೊಲಗಳು ಆಗಲೇ ಹಸಿರಾಗಿದ್ದಾಗ. ಬೇಗ ಬಿತ್ತಿದರೆ ಜನ ಬರುವ ಹೊತ್ತಿಗೆ ಗರಿ ಒಣಗಿ ಗೋಡೆ ತೆಳ್ಳಗಾಗುತ್ತದೆ.

ತಪ್ಪು ಮಾಡಿದ್ದು ದಾರಿ ಕತ್ತರಿಸುವಾಗ. ನಾಲ್ಕು ಎಲೆ ಬಂದಿತ್ತು. ಸಾಲು ಎಣಿಸಿ, ಬಾವುಟ ನೆಟ್ಟು, ಹುಲ್ಲು ಕತ್ತರಿಸುವ ಯಂತ್ರ ಓಡಿಸಿ ನಿಶ್ಚಿಂತೆಯಿಂದ ಮನೆಗೆ ಹೋದೆವು. ವಾರದೊಳಗೆ ಓಣಿಯ ತುಂಬ ಹೊಸ ಗರಿ! ಫೋನಿನಲ್ಲಿ ಅಪ್ಪನಿಗೆ ಹೇಳಿದೆ. "ಸುಳಿ ಇನ್ನೂ ಮಣ್ಣೊಳಗೈತಿ, ಮೇಲೆ ಕೊಯ್ದರ ಏನಾಕ್ಕತಿ? ದನ ಮೇಯ್ದ ಎಳೆ ಪೈರು ಮತ್ತ ಚಿಗುರಲ್ಲೇನು?" ಅಂದರು. ಹೌದು, ಆರು ಎಲೆ ಬರುವ ತನಕ ಮೆಕ್ಕೆಜೋಳದ ಸುಳಿ ನೆಲದಡಿಯಲ್ಲೇ ಇರುತ್ತದೆ. ಟಿಲ್ಲರ್ ತಂದು ಬುಡಸಮೇತ ಕಿತ್ತೆವು. ಎರಡು ದಿನ ಹಿಡಿಯಿತು, ಅಂಗೈ ಬೊಬ್ಬೆಯೆದ್ದವು. ಆದರೆ ಮೊಣಕಾಲೆತ್ತರದ ಪೈರಿನ ನಡುವೆ ನಿಂತು ಇಡೀ ನಕ್ಷೆಯನ್ನು ಒಂದೇ ನೋಟದಲ್ಲಿ ಕಾಣುವ ಭಾಗ್ಯ ಸಿಗುವುದು ಆಗ ಮಾತ್ರ. ಆಗಸ್ಟ್ ಬರುವಷ್ಟರಲ್ಲಿ ದಾರಿ ಬರೆದ ನನಗೂ ಆಚೆ ಬದಿ ಕಾಣುತ್ತಿರಲಿಲ್ಲ.

ಒಂದು ಕೈಯನ್ನು ಗೋಡೆಗೆ ತಾಗಿಸಿಕೊಂಡೇ ನಡೆದರೆ ಗುರಿ ಸಿಗುತ್ತದೆ ಎಂಬ ಉಪಾಯ ಬಹಳ ಜನಕ್ಕೆ ಗೊತ್ತು. ಅದಕ್ಕೇ ನಡುಭಾಗವನ್ನು ಹೊರಗೋಡೆಗೆ ಸೇರಿಸದೆ ದ್ವೀಪದಂತೆ ಬಿಟ್ಟಿದ್ದೆ.

ಸೆಪ್ಟೆಂಬರಿನಲ್ಲಿ ಬಾಗಿಲು ತೆರೆದ ಮೊದಲ ಶನಿವಾರ ಅಮ್ಮನೂ ಬಂದಿದ್ದರು. ಬಲಗೈಯಲ್ಲಿ ಗರಿ ಸವರುತ್ತಾ ಹೋದವರು ಬಾಗಿಲಿಗೇ ವಾಪಸ್ ಬಂದರು. ಎರಡನೇ ಸಲ ಆರು ವರ್ಷದ ನನ್ನ ಮಗಳು ಕೈ ಹಿಡಿದು ನಡುಭಾಗಕ್ಕೆ ಕರೆದೊಯ್ದಳು. ಅಲ್ಲಿ ಅಮ್ಮ ಒಂದು ತೆನೆಯ ಸಿಪ್ಪೆ ಸರಿಸಿ, ಕಾಳಿಗೆ ಉಗುರು ಒತ್ತಿ, ಚಿಮ್ಮಿದ ಬಿಳಿ ಹಾಲನ್ನು ಮಗುವಿಗೆ ತೋರಿಸಿದರು. "ಇನ್ನೂ ಎಳೇದು ಪುಟ್ಟಿ, ಸುಡಾಕ ಇದೇ ಹದ" ಅಂದರು.